ಮುಕ್ಕಾಲು ಇಂಚು ಏಪ್ರಿಲ್ ಮೂರಾದರೆ?

ಪ್ರಶ್ನೆ: ನಮ್ಮದು ಪೈಪು, ನಟ್ಟು-ಬೋಲ್ಟು ಮಾರುವ ಅಂಗಡಿ. ಸ್ಟಾಕ್ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕುತ್ತಿದ್ದೆ. ಸೈಜ್ ಕಾಲಂನಲ್ಲಿ 3/4 ಅಂತ ಹೊಡೆದರೆ ಏಪ್ರಿಲ್ 3 ಆಗುತ್ತದೆ. ಫಾರ್ಮ್ಯಾಟ್ ಬದಲಾಯಿಸಿದರೆ 45750 ಅಂತ ತೋರಿಸುತ್ತದೆ. ಆದರೆ 1 1/4 ಮಾತ್ರ ಸರಿಯಾಗಿ ಬರುತ್ತದೆ. ಏನಿದು?
- ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಮ್ಮ ತಪ್ಪೇನಿಲ್ಲ. ಎರಡು ಅಂಕಿಯ ಮಧ್ಯೆ ಓರೆಗೆರೆ ಕಂಡರೆ ಎಕ್ಸೆಲ್‌ಗೆ ಮೊದಲು ನೆನಪಾಗುವುದು ತಾರೀಖು. ಇದು ಹಳೇ ಚಾಳಿ. ಮಾರ್ಚ್1 ಅನ್ನೋ ಜೀನ್ ಹೆಸರನ್ನೂ ತಾರೀಖು ಮಾಡಿಬಿಡುತ್ತಿತ್ತು, ಕೊನೆಗೆ 2020ರಲ್ಲಿ ವಿಜ್ಞಾನಿಗಳೇ ಸೋತು ಆ ಜೀನ್‌ಗೆ ಮಾರ್ಚ್‌ಎಫ್1 ಅಂತ ಬೇರೆ ಹೆಸರಿಟ್ಟರು!

45750 ಅಂದರೆ 1900ರ ಜನವರಿ 1ರಿಂದ ಎಣಿಸಿದ ದಿನಗಳು, ಅಂದರೆ 2025ರ ಏಪ್ರಿಲ್ 3. ನೀವು ಹೊಡೆದ ಮುಕ್ಕಾಲು ಒಳಗೆಲ್ಲೂ ಉಳಿದಿಲ್ಲ, ಹಾಗಾಗಿ ಆಮೇಲೆ ಫಾರ್ಮ್ಯಾಟ್ ಬದಲಾಯಿಸಿ ಪ್ರಯೋಜನವಿಲ್ಲ. ಮತ್ತೆ ಟೈಪ್ ಮಾಡಲೇಬೇಕು.

1 1/4 ಯಾಕೆ ಬಚಾವಾಯಿತು? ಮುಂದೆ ಒಂದು ಪೂರ್ತಿ ಅಂಕಿ, ಆಮೇಲೆ ಖಾಲಿ ಜಾಗ ಇದೆ ಅಲ್ವಾ, ಅದಕ್ಕೆ. ಮುಕ್ಕಾಲಿಗೂ ಅದನ್ನೇ ಮಾಡಿ: ಸೊನ್ನೆ, ಒಂದು ಸ್ಪೇಸ್, ಆಮೇಲೆ 3/4. ಸೆಲ್‌ನಲ್ಲಿ 3/4 ಕಾಣುತ್ತದೆ, ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ 0.75 ಇರುತ್ತದೆ.

ನೂರಾರು ಐಟಂ ಇದ್ದರೆ ಪ್ರತಿಸಲ ಸೊನ್ನೆ ಹೊಡೆಯೋದು ಬೇಜಾರು. ಟೈಪ್ ಮಾಡೋ ಮೊದಲೇ ಇಡೀ ಕಾಲಂ ಸೆಲೆಕ್ಟ್ ಮಾಡಿ, ಕಂಟ್ರೋಲ್ ಜೊತೆ 1 ಒತ್ತಿ, ಫ್ರಾಕ್ಷನ್ ಆರಿಸಿ. ಇಲ್ಲೊಂದು ಎಡವಟ್ಟಿದೆ. ಪಟ್ಟಿಯಲ್ಲಿ ಮೊದಲು ಬರುವ 'ಅಪ್ ಟು ಒನ್ ಡಿಜಿಟ್' ಅನ್ನೇ ಹಾಗೇ ಇಟ್ಟುಕೊಂಡರೆ, ನಿಮ್ಮ 5/16 ಬೋಲ್ಟು 1/3 ಅಂತ ಕಾಣುತ್ತದೆ, ಯಾಕೆಂದರೆ ಕೆಳಗಿನ ಅಂಕಿ 9 ದಾಟುವ ಹಾಗಿಲ್ಲ, ಹತ್ತಿರದ್ದನ್ನು ಹುಡುಕಿ ತೋರಿಸುತ್ತದೆ. ಒಳಗೆ 0.3125 ಸರಿಯಾಗಿಯೇ ಇರುತ್ತದೆ, ಆದರೆ ಪ್ರಿಂಟ್ ನೋಡಿ ಆರ್ಡರ್ ಕೊಡುವವರಿಗೆ ಅದು ಹೇಗೆ ಗೊತ್ತಾಗಬೇಕು? 'ಅಪ್ ಟು ಟೂ ಡಿಜಿಟ್ಸ್' ಇಡಿ.

ಕೆಲವರು ಮುಂದೆ ಒಂದು ಅಪಾಸ್ಟ್ರಫಿ ಹಾಕಿ ಸುಮ್ನೆ ಅಕ್ಷರದ ಥರ ಇಟ್ಟುಬಿಡುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ, ಆದರೆ ಇಡೀ ಕಾಲಂ ಹಾಗಿದ್ದರೆ, ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿದಾಗ ಒಂದೂಕಾಲು ಇಂಚು ಅರ್ಧ ಇಂಚಿಗಿಂತ ಮೇಲೆ ಹೋಗಿ ಕೂರುತ್ತದೆ.