ಒಸಡಿನಿಂದ ಒಸರುವ ನೀರು ಕೀವಾ?

ಎಲ್ಲ ಸಲವೂ ಅಲ್ಲ. ಒಸಡು ಒತ್ತಿದರೆ ನೀರಿನಂಥದ್ದು ಬರುತ್ತದೆ, ಮೌತ್‌ವಾಶ್ ಹಾಕಿದರೂ ನಿಲ್ಲುತ್ತಿಲ್ಲ ಎಂದು ಕೇಳಿದ್ದೀರಿ. ನಾನು ಒಸಡಿನ ಚಿಕಿತ್ಸೆಯನ್ನೇ ಓದಿಕೊಂಡವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಲ್ಲಿಗೂ ಒಸಡಿಗೂ ನಡುವೆ ಒಂದು ಸಂದು ಇದೆ. ಒಸಡು ಚೆನ್ನಾಗಿದ್ದರೆ ಆಳ 1ರಿಂದ 3 ಮಿಲಿಮೀಟರ್, ಅಷ್ಟೇ. ರಕ್ತನಾಳಗಳಿಂದ ಸೋಸಿದ ದ್ರವ ಅಲ್ಲಿಗೆ ಜಿನುಗುತ್ತದೆ. ಇದು ಎಂಜಲಲ್ಲ. ಸೋಡಿಯಂ, ಕ್ಯಾಲ್ಸಿಯಂ, ಪ್ರೋಟೀನ್, ಬಿಳಿ ರಕ್ತಕಣ ಎಲ್ಲ ಇರುತ್ತವೆ. ಸಂದನ್ನು ತೊಳೆದು ಕಾಯುವುದು ಇದರ ಕೆಲಸ.

ಈ ದ್ರವ ಎಷ್ಟಿದೆ ಎಂದು ಅಳೆಯುವುದು ಕಾಗದದ ಪಟ್ಟಿಯಿಂದ. ಹಲ್ಲನ್ನು ಹತ್ತಿ, ಗಾಳಿಯಿಂದ ಒಣಗಿಸಿ, ಪಟ್ಟಿಯ ತುದಿಯನ್ನು ಸಂದಿಗೆ ಮೆಲ್ಲಗೆ ತೂರಿಸಿ ಅರ್ಧ ನಿಮಿಷ ಬಿಡುತ್ತೇವೆ. ಒಳ್ಳೆ ಒಸಡಾದರೆ ತುದಿ ಮಾತ್ರ ತೇವ. ಊದಿದ ಒಸಡಾದರೆ ಪಟ್ಟಿ ಸರ್ರನೆ ನೆನೆಯುತ್ತದೆ. ರಕ್ತ ತಾಗಿ ಕೆಂಪಾದರೆ ಆ ಪಟ್ಟಿ ಎಸೆಯಬೇಕು, ಲೆಕ್ಕ ತಪ್ಪುತ್ತದೆ.

ತಮಾಷೆ ಎಂದರೆ ಒಸಡು ಹಾಳು ಮಾಡುವುದರಲ್ಲಿ ನಮ್ಮ ದೇಹದ್ದೇ ಪಾಲು ಜಾಸ್ತಿ. ಬ್ಯಾಕ್ಟೀರಿಯಾ ಸೇರಿದಾಗ ಬಿಳಿ ರಕ್ತಕಣಗಳು ಎಂಎಂಪಿ-8 ಎಂಬ ಕಿಣ್ವ ಬಿಡುತ್ತವೆ. ಅದು ಕೊಲಾಜನ್ ಕತ್ತರಿಸುತ್ತದೆ. ಹಲ್ಲನ್ನು ಹಿಡಿದಿಟ್ಟ ನಾರು ಕೊಲಾಜನ್ನೇ ಅಲ್ವಾ! ಜೊತೆಗೆ ಪ್ರೊಸ್ಟಗ್ಲಾಂಡಿನ್ ಇ2 ಎಂಬ ಊತ ತರಿಸುವ ರಾಸಾಯನಿಕ ಹೆಚ್ಚಾಗಿ, ಮೂಳೆ ಕರಗಿಸುವ ಜೀವಕೋಶಗಳಿಗೆ ಕುಮ್ಮಕ್ಕು ಸಿಗುತ್ತದೆ.

ಇತ್ತ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಬೇಕಾಗಿಲ್ಲ, ಪ್ರೋಟೀನ್ ಸಾಕು. ದ್ರವ ಹೆಚ್ಚಿದಷ್ಟೂ ಅದಕ್ಕೆ ಊಟ. ಒಸಡಲ್ಲಿ ರಕ್ತ ಬಂದರೆ ಕಬ್ಬಿಣವೂ ಸಿಕ್ಕಿತು. ಪ್ರೋಟೀನ್ ತಿಂದು ಅಮೋನಿಯಾ ಬಿಡುತ್ತದೆ, ಸಂದು ಕ್ಷಾರವಾಗುತ್ತದೆ, ಅದಕ್ಕೆ ಇನ್ನೂ ಹಿತ. ದ್ರವದಲ್ಲಿರುವ ಕ್ಯಾಲ್ಸಿಯಂ ಹಲ್ಲಿನ ಬೇರಿಗೆ ಅಂಟಿ ಕಪ್ಪು ಗಾರೆಯಾಗುತ್ತದೆ. ಬ್ರಶ್ಶಿಗೆ ಅದು ಜಗ್ಗುವುದಿಲ್ಲ.

ಮೌತ್‌ವಾಶ್ ಸೋಲುವುದೂ ಇಲ್ಲೇ. ಆಳದ ಸಂದಿಗೆ ಅದು ಇಳಿಯುವುದೇ ಕಷ್ಟ. ಇಳಿದ ತುಸುವನ್ನೂ ಹೊರಕ್ಕೆ ಹರಿಯುವ ದ್ರವವೇ ತಳ್ಳಿಬಿಡುತ್ತದೆ.

ಎಂಎಂಪಿ-8 ಅಳೆಯುವ ಪರೀಕ್ಷೆಗಳೂ ಬಂದಿವೆ. ಆದರೆ ನಿಮ್ಮ ಸ್ಥಿತಿಯಲ್ಲಿ ನಾನು ಅದರ ಹಿಂದೆ ಹೋಗುವುದಿಲ್ಲ. ಅಳತೆ ಕಡ್ಡಿ ಹಾಕಿ ಸಂದಿನ ಆಳ ನೋಡಿಸಿ, ಎಕ್ಸ್‌ರೇ ತೆಗೆಸಿ, ಬೇರಿನವರೆಗೆ ಕ್ಲೀನ್ ಮಾಡಿಸಿ. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ನೋಡಿಸಿಕೊಳ್ಳಿ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ 20 ಮಿಲಿಗ್ರಾಂ ಈ ಕಿಣ್ವವನ್ನು ತಡೆಯುತ್ತದೆ, ನಿಜ. ಆದರೆ ಕ್ಲೀನಿಂಗ್ ಜೊತೆಗೆ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಸುಮ್ನೆ ಮೆಡಿಕಲ್ ಶಾಪಲ್ಲಿ ಕೇಳಿ ತಗೋಬೇಡಿ. ಒತ್ತಿದಾಗ ಹಳದಿಯಾಗಿ, ಗಟ್ಟಿಯಾಗಿ ಬಂದರೆ ಅದು ಕೀವು. ಆಗ ತಡ ಮಾಡದೆ ತೋರಿಸಿ.