ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗೆ ವೈಟ್ ಓಕ್ ಮರದ ನೆಲ ಹಾಕಿಸಬಹುದಾ?

ನೀವು ಬರೆದಿರುವುದು ಇಷ್ಟು: ಯಲಹಂಕದ ಕಡೆ ತರ್ಟಿ ಫಾರ್ಟಿ ಸೈಟಿನಲ್ಲಿ ಡುಪ್ಲೆಕ್ಸ್ ಕಟ್ಟಿಸುತ್ತಿದ್ದೀರಿ. ಇಡೀ ಮನೆಗೆ ವೈಟ್ ಓಕ್ ನೆಲ ಬೇಕು ಅನ್ನುವ ಆಸೆ. ಅಂಗಡಿಯವರು ಸಾಲಿಡ್ ಹಲಗೆ, ಅಂದರೆ ಪೂರ್ತಿ ಒಂದೇ ಮರದ ತುಂಡಿನದ್ದು, ತಗೊಳ್ಳಿ ಅಂತಿದ್ದಾರೆ. ನಿಮ್ಮ ತಂದೆಯವರು ತೇಗ ಬಿಟ್ಟು ಪರದೇಶದ ಮರ ಯಾಕೆ ಅಂತಿದ್ದಾರೆ.

ಮನೆಗಳಿಗೆ ಮರದ ಕೆಲಸ ಮಾಡಿಸಿಕೊಡುವುದೇ ನನ್ನ ಕಸುಬು. ನನ್ನ ಉತ್ತರ: ಹಾಕಿಸಿ, ಆದರೆ ಮೇಲಿನ ಮಹಡಿಯ ಮಲಗುವ ಕೋಣೆಗಳಿಗೆ ಮಾತ್ರ. ಸಾಲಿಡ್ ಬೇಡ, ಪದರ ಪದರವಾಗಿ ಅಂಟಿಸಿ ಮಾಡಿದ ಇಂಜಿನಿಯರ್ಡ್ ಹಲಗೆ ಇರಲಿ.

ಓಕ್ ಮರದ ಬಗ್ಗೆ ನನಗೆ ತಕರಾರಿಲ್ಲ. ಗಟ್ಟಿ ಮರ. ಮರದೊಳಗೆ ಉಕ್ಕಿನ ಗುಂಡನ್ನು ಅರ್ಧದಷ್ಟು ಇಳಿಸಲು ಎಷ್ಟು ಬಲ ಬೇಕು ಅಂತ ನೋಡುವ ಜಂಕಾ ಅಳತೆ ಇದೆ. ಅದರಲ್ಲಿ ಪೌಂಡ್ ಲೆಕ್ಕಕ್ಕೆ ವೈಟ್ ಓಕ್ 1360, ರೆಡ್ ಓಕ್ 1290, ತೇಗ 1100ರ ಆಸುಪಾಸು. ವೈಟ್ ಓಕಿನ ಒಳಗಿನ ಸಣ್ಣ ಕೊಳವೆಗಳು ಮರದಲ್ಲೇ ಮುಚ್ಚಿಕೊಂಡಿರುತ್ತವೆ. ಅದಕ್ಕೇ ವಿಸ್ಕಿ ಪೀಪಾಯಿ ಇದರಲ್ಲಿ ಮಾಡುತ್ತಾರೆ. ರೆಡ್ ಓಕಿನಲ್ಲಿ ಮಾಡಿದರೆ ಸೋರುತ್ತದೆ.

ಅಂಗಡಿಯಲ್ಲಿ ಈ ಪೀಪಾಯಿ ಕತೆ ಹೇಳಿ "ನೀರಿಗೆ ಏನೂ ಆಗಲ್ಲ ಸಾರ್" ಅಂತಾರೆ. ಪೀಪಾಯಿಯ ಒಳಗೆ ಸದಾ ಒದ್ದೆ. ನೆಲದ ಹಲಗೆಯ ಪಾಡು ಹಾಗಲ್ಲ. ನಮ್ಮೂರಲ್ಲಿ ಮಾರ್ಚ್ ಮಧ್ಯಾಹ್ನ ಗಾಳಿಯ ತೇವ ಶೇ 30ರ ಹತ್ತಿರಕ್ಕೆ ಇಳಿಯುತ್ತದೆ. ಆಗಸ್ಟ್ ಬೆಳಿಗ್ಗೆ ಶೇ 80 ದಾಟುತ್ತದೆ. ಬೇಸಿಗೆಯಲ್ಲಿ ಹಲಗೆ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಅಗಲವಾಗುತ್ತದೆ. ಐದು ಇಂಚು ಅಗಲದ ಸಾಲಿಡ್ ಓಕ್ ಹಲಗೆ ವರ್ಷದಲ್ಲಿ ಒಂದೂವರೆ ಎರಡು ಮಿಲಿಮೀಟರ್ ಆಡಬಹುದು. ಒಂದು ಹಲಗೆ ಅಲ್ಲ, ರೂಮಿನ ತುಂಬಾ ಅಂಥವೇ. ಒಂದು ಸೀಸನ್ನಿನಲ್ಲಿ ಸಂದು, ಇನ್ನೊಂದರಲ್ಲಿ ಅಂಚು ಎದ್ದು ನಿಲ್ಲುವುದು.

ಈ ವಿಷಯದಲ್ಲಿ ನಿಮ್ಮ ತಂದೆ ಹೇಳುವುದು ಸರಿ. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ಓಕ್ ಅಗಲದಲ್ಲಿ ಶೇ 10ರಷ್ಟು ಕುಗ್ಗಿದರೆ ತೇಗ ಶೇ 6 ಕೂಡ ಕುಗ್ಗುವುದಿಲ್ಲ. ಓಕಿಗಿಂತ ಮೆತ್ತಗೆ, ಆದರೆ ತಂಟೆ ಕಡಿಮೆ. ಮೆಟ್ಟಿಲಿಗೆ ತೇಗ ಹಾಕಿಸಿ, ಅವರ ಮಾತೂ ನಡೆದ ಹಾಗಾಗುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಅವರನ್ನೇ ಕರೆದುಕೊಂಡು ಹೋಗಿ. ಹಳಬರು ಮರ ಆರಿಸುವುದು ನೋಡೋದೇ ಒಂದು ಖುಷಿ.

ಇಂಜಿನಿಯರ್ಡ್ ಹಲಗೆಯಲ್ಲಿ ಮೇಲೆ ನಿಜವಾದ ಓಕ್ ಪದರ, ಕೆಳಗೆ ಅಡ್ಡ ಉದ್ದ ಜೋಡಿಸಿದ ಪ್ಲೈ. ಒಂದು ಪದರ ಎಳೆದರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಹಾಗಾಗಿ ಆಟ ತುಂಬಾ ಕಡಿಮೆ. ಒಟ್ಟು ದಪ್ಪ 14-15 ಮಿ.ಮೀ. ಇರಲಿ. ನೀವು ಕೇಳಬೇಕಾದ್ದು ಮೇಲಿನ ಪದರ ಎಷ್ಟು ಅಂತ. 4 ಮಿ.ಮೀ. ಇದ್ದರೆ ಮುಂದೆ ಎರಡು ಸಲವಾದರೂ ಉಜ್ಜಿ ಹೊಸದು ಮಾಡಬಹುದು. 2 ಮಿ.ಮೀ. ಇದ್ದರೆ ಆ ಆಸೆ ಬಿಡಿ. ಇನ್ನು "ಓಕ್" ಅಂತ ಬೋರ್ಡು ಹಾಕಿ ಲ್ಯಾಮಿನೇಟ್ ಮಾರುವವರೂ ಇದ್ದಾರೆ. ಅದು ಕಾಗದದ ಮೇಲಿನ ಚಿತ್ರ. ಹಲಗೆಯ ಕತ್ತರಿಸಿದ ಅಂಚು ನೋಡಿದರೆ ಗೊತ್ತಾಗುತ್ತದೆ. ನಾಲ್ಕು ಹಲಗೆ ಪಕ್ಕಪಕ್ಕ ಇಡಿ, ಒಂದೇ ಗಂಟು ಎರಡು ಕಡೆ ಕಂಡರೆ ಅದು ಪ್ರಿಂಟು. ತುಂಬಾ ಅನುಮಾನ ಬಂದರೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿ ಯಾವ ಮರ ಅಂತ ಪರೀಕ್ಷೆ ಮಾಡಿ ಹೇಳುತ್ತಾರೆ.

ಬಣ್ಣದ ಬಗ್ಗೆ ಒಂದೇ ಮಾತು. ವೈಟ್ ಓಕ್ ಬೆಳ್ಳಗಿರುವುದಿಲ್ಲ, ಗೋಧಿ ಬಣ್ಣ. ಬಿಸಿಲು ಬಿದ್ದಲ್ಲಿ ಇನ್ನೂ ಹಳದಿಗೆ ತಿರುಗುತ್ತದೆ, ಕಾರ್ಪೆಟ್ ಹಾಸಿದ ಜಾಗ ಬೇರೆಯಾಗಿ ಕಾಣುತ್ತದೆ.

ಕೆಳಗಿನ ಮಹಡಿಗೆ ಯಾಕೆ ಬೇಡ ಅಂದೆ ಗೊತ್ತಾ? ಅಲ್ಲಿ ಅಡುಗೆಮನೆ, ದೇವರಮನೆ, ನಡುಮನೆ. ದಿನಾ ಬಕೆಟ್ಟು ಫಿನಾಯಿಲ್ ಹಿಡಿದು ನೆಲ ಒರೆಸುವ ಮನೆ ನಮ್ಮದು, ಅದನ್ನು ಯಾರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ದೀಪದ ಎಣ್ಣೆ, ಕುಂಕುಮ, ಅರಿಶಿನ ಬೇರೆ. ರಂಗೋಲಿ ಪುಡಿ ಕಲ್ಲಿನ ಪುಡಿಯಲ್ವಾ, ಕಾಲಿಗಂಟಿ ಒಳಗೆ ಬಂದರೆ ಪಾಲಿಶ್ ಮೇಲೆ ಸ್ಯಾಂಡ್ ಪೇಪರ್ ಎಳೆದ ಹಾಗೆ. ಅಲ್ಲಿ ಗ್ರಾನೈಟ್ ಹಾಕಿಸಿ. ನನ್ನನ್ನು ಕೇಳಿದರೆ ಬಸವನಗುಡಿಯ ಹಳೆ ಮನೆಗಳ ಥರ ರೆಡ್ ಆಕ್ಸೈಡ್ ಮಾಡಿಸಿ, ಒಳ್ಳೆ ಗಾರೆಯವರು ಸಿಕ್ಕಿದರೆ. ಮೇಲಿನ ರೂಮುಗಳಲ್ಲಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.

ಓಕಿನಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಜಾಸ್ತಿ. ಒದ್ದೆ ಜಾಗಕ್ಕೆ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಕೂರುತ್ತದೆ. ಕಬ್ಬಿಣದ ಮಂಚದ ಕಾಲಿಗೆ ರಬ್ಬರ್ ಹಾಕಿ, ಗಿಡದ ಕುಂಡ ನೆಲದ ಮೇಲೆ ಇಡಬೇಡಿ, ತಂತಿ ನಾರಿನಲ್ಲಿ ಯಾರೂ ಉಜ್ಜದ ಹಾಗೆ ನೋಡಿಕೊಳ್ಳಿ. ಮೇಲ್ಮೈಗೆ ಎಣ್ಣೆ ಫಿನಿಶ್ ಆದರೆ ಗೀರು ಬಿದ್ದಷ್ಟು ಜಾಗ ಮಾತ್ರ ಸರಿ ಮಾಡಬಹುದು, ಆದರೆ ಆಗಾಗ ಎಣ್ಣೆ ಕೊಡಬೇಕು. ಆ ತಾಳ್ಮೆ ಇಲ್ಲದಿದ್ದರೆ ಮ್ಯಾಟ್ ಲ್ಯಾಕರ್, ಅಂದರೆ ಹೊಳಪಿಲ್ಲದ ವಾರ್ನಿಶ್ ಥರದ ಲೇಪ, ತಗೊಳ್ಳಿ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಲ್ಯಾಕರ್ ಅನ್ನೇ ಹೇಳುತ್ತೇನೆ.

ಗೃಹಪ್ರವೇಶಕ್ಕೆ ಮುಂಚೆ ಹಲಗೆ ಕೂರಿಸಲು ಅವಸರ ಮಾಡಬೇಡಿ. ಹೋಮದ ಬೆಂಕಿ, ಉಕ್ಕಿದ ಹಾಲು, ನೂರು ಜನರ ಕಾಲು, ಪಾಪ ಒಂದು ಹಸು. ಎಲ್ಲಾ ಮುಗಿಯಲಿ. ಅಷ್ಟರಲ್ಲಿ ನೆಲದ ಸಿಮೆಂಟೂ ಒಣಗುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ನಮ್ಮ ಕೆಲಸದ ಲೆಕ್ಕ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಮಾರನೇ ದಿನ ತೆಗೆದು ನೋಡಿ. ಅಡಿಯಲ್ಲಿ ಹನಿ ಕಂಡರೆ ಅಥವಾ ಸಿಮೆಂಟ್ ಕಪ್ಪಗಾಗಿದ್ದರೆ ಇನ್ನೂ ಕಾಯಿರಿ. ಹನಿ ಇಲ್ಲದಿದ್ದರೂ ತೇವ ಅಳೆಯುವ ಮೀಟರ್ ಇಟ್ಟು ನೋಡಿಯೇ ಶುರು ಮಾಡಲು ಹೇಳಿ.

ಮೇಸ್ತ್ರಿಗೆ ಮಾತ್ರ ಇವತ್ತೇ ಹೇಳಬೇಕಾದ ಒಂದು ವಿಷಯ ಇದೆ. ಮೇಲಿನ ರೂಮುಗಳ ಸಿಮೆಂಟ್ ಮಟ್ಟವನ್ನು ಹಲಗೆ ಮತ್ತು ಅಡಿಯ ಫೋಮ್ ಸೇರಿ ಎಷ್ಟಾಗುತ್ತದೋ ಅಷ್ಟು, ಅಂದರೆ 17-18 ಮಿ.ಮೀ., ಹೊರಗಿನ ಟೈಲ್ಸ್ ಮಟ್ಟಕ್ಕಿಂತ ತಗ್ಗಿಸಿ ಬಿಡಲಿ. ಗೋಡೆಯ ಸುತ್ತ 10-12 ಮಿ.ಮೀ. ಸಂದು ಬಿಡಬೇಕು, ಅದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಹಲಗೆ ತರಿಸುವಾಗ ಚದರಡಿ ಲೆಕ್ಕಕ್ಕಿಂತ ಶೇ 10 ಜಾಸ್ತಿ ತರಿಸಿ. ಉಳಿದದ್ದನ್ನು ಅಟ್ಟದ ಮೇಲೆ ಇಡಿ, ಮುಂದೆ ಅದೇ ಬಣ್ಣದ ಹಲಗೆ ಸಿಗುವ ಭರವಸೆ ಇರುವುದಿಲ್ಲ.