ಕಡಲಹಕ್ಕಿ ನೋಡಲು ಹೊರಡುವ ಮುನ್ನ

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಮಲ್ಪೆಯಿಂದ ದೋಣಿಯಲ್ಲಿ ಕಡಲಹಕ್ಕಿ ನೋಡಲು ಹೋಗಬೇಕು. ನನಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಏನು ಮಾಡಲಿ? ಯಾವ ದುರ್ಬೀನು ಒಯ್ಯಲಿ?

ಉತ್ತರ: ಖಾಲಿ ಹೊಟ್ಟೆಯಲ್ಲಿ ದೋಣಿ ಹತ್ತಲೇಬೇಡಿ, ಸಂಕಟ ಹೆಚ್ಚುತ್ತದೆ. ಎರಡು ಇಡ್ಲಿ ತಿನ್ನಿ, ಎಣ್ಣೆತಿಂಡಿ ಬೇಡ. ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಸುಮಾರು ಒಂದು ಗಂಟೆ ಮೊದಲೇ ನುಂಗಿ. ತಲೆ ಸುತ್ತಿದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ದೋಣಿಯ ಮುಂಭಾಗ ಕುಣಿಯುತ್ತದೆ, ಎಂಜಿನ್ ಬಳಿ ಡೀಸೆಲ್ ಹೊಗೆ. ನಡುವೆ ಕೂತು ದಿಗಂತ ನೋಡುತ್ತಿರಿ. ಲೈಫ್ ಜಾಕೆಟ್ ಕಳಚಬೇಡಿ.

ದುರ್ಬೀನು 8x42 (8 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. 12 ಪಟ್ಟಿನದರಲ್ಲಿ ಅಲೆಯ ಕುಲುಕಾಟವೂ 12 ಪಟ್ಟು! ಮೊದಲು ಬರಿಗಣ್ಣಿನಲ್ಲಿ ಹುಡುಕಿ. ನೀರಿನ ಮೇಲೆ ಕಾಲು ತಟ್ಟುತ್ತಾ ಹಾರುವ, ಬಾಲದ ಬುಡ ಬೆಳ್ಳಗಿರುವ ಪುಟ್ಟ ಕಪ್ಪು ಹಕ್ಕಿ ಕಂಡರೆ ಅದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಅಂಟಾರ್ಕ್ಟಿಕಾ ಕಡೆಯಿಂದ ಬಂದ ಅತಿಥಿ, ಕಣ್ತುಂಬಾ ನೋಡಿ. ಲೆನ್ಸಿಗೆ ಉಪ್ಪುನೀರು ಸಿಡಿದರೆ ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ ಬಳಸಿ.